ತವರು ಸಭೆಗೆ ಬನ್ನಿ: ಬೀದರ್ ಸೀಮೆಯ ಚರ್ಚ್‌ಗಳಲ್ಲಿ ಹಳಬರ ಸಮಾಗಮ ನಡೆಸುವ ಬಗೆ

ನಮ್ಮ ಬೀದರ್ ಜಿಲ್ಲೆಯ ಯಾವುದೇ ಹಳೆಯ ಸಭೆಯ, ಅಂದರೆ ಚರ್ಚಿನ, ದೀಕ್ಷಾಸ್ನಾನದ ಪುಸ್ತಕ ತೆರೆದು ನೋಡಿ. ಅದರಲ್ಲಿ ಹೆಸರಿರುವ ಎಷ್ಟೋ ಜನ ಈಗ ಊರಲ್ಲಿಲ್ಲ. ಒಬ್ಬರು ಹೈದರಾಬಾದಿನ ಆಸ್ಪತ್ರೆಯಲ್ಲಿ ನರ್ಸ್, ಇನ್ನೊಬ್ಬರು ಪುಣೆಯಲ್ಲಿ ಗೌಂಡಿ, ಮತ್ತೊಬ್ಬರು ಬೆಂಗಳೂರಿನ ಕಂಪನಿಯಲ್ಲಿ ನೌಕರ. ಕೆಲವರು ದುಬೈ, ಮಸ್ಕತ್‌ ಸೇರಿದ್ದಾರೆ. ಹೆಣ್ಣುಮಕ್ಕಳು ಮದುವೆಯಾಗಿ ಜಹೀರಾಬಾದ್, ಉದಗೀರ್, ಸೊಲ್ಲಾಪುರದ ಕಡೆ ಹೋಗಿದ್ದಾರೆ. ಊರಿಗೆ ಬಂದರೂ ಮದುವೆಗೋ ಮಣ್ಣಿಗೋ ಬಂದು ಅದೇ ದಿನ ಹಿಂದಿರುಗುತ್ತಾರೆ.

ಇವರನ್ನೆಲ್ಲ ಒಂದು ಭಾನುವಾರ ಒಟ್ಟಿಗೆ ಕೂಡಿಸುವ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಅಮೆರಿಕದ ದಕ್ಷಿಣ ರಾಜ್ಯಗಳ ಮೆಥೊಡಿಸ್ಟ್, ಬ್ಯಾಪ್ಟಿಸ್ಟ್ ಸಭೆಗಳಲ್ಲಿ ‘ಹೋಮ್‌ಕಮಿಂಗ್’ ಎಂಬ ಹಳೆಯ ವಾಡಿಕೆಯಿದೆ. ಊರು ಬಿಟ್ಟವರು ವರ್ಷದಲ್ಲಿ ಒಂದು ಭಾನುವಾರ ಬರುತ್ತಾರೆ. ಆರಾಧನೆಯಾದ ಮೇಲೆ ಮನೆಮನೆಯಿಂದ ತಂದ ಅಡಿಗೆಯನ್ನು ಚರ್ಚಿನ ಅಂಗಳದಲ್ಲೇ ಹಂಚಿಕೊಂಡು ಉಣ್ಣುತ್ತಾರೆ, ಎಷ್ಟೋ ಕಡೆ ತಮ್ಮವರ ಸಮಾಧಿಗಳಿಗೆ ಹೂವಿಟ್ಟು ಹೋಗುತ್ತಾರೆ. ಪಂಚಮಿಗೆ ತವರಿಗೆ ಬರುವ ಮಗಳ ಸಂಭ್ರಮ ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಂಗಲಪೇಟೆಯಂಥ ನಗರದ ದೊಡ್ಡ ಸಭೆಗೂ, ಭಾಲ್ಕಿ ಅಥವಾ ಔರಾದ್ ತಾಲ್ಲೂಕಿನ ಮೂವತ್ತು ಮನೆಯ ಸಭೆಗೂ ಕೆಳಗಿನ ಕ್ರಮ ಹೊಂದುತ್ತದೆ. ಅಳತೆ ಮಾತ್ರ ಬದಲಾಗಬೇಕು.

ಮೊದಲೇ ಒಂದು ಮಾತು. ಬರಲೋ ಬೇಡವೋ ಎಂದು ಮನಸ್ಸಿನಲ್ಲೇ ತೂಗುತ್ತಿದ್ದ ಒಬ್ಬರು ಧೈರ್ಯ ಮಾಡಿ ಬಂದು, ಯಾರ ಮುಂದೆಯೂ ತಲೆ ತಗ್ಗಿಸದೆ ಕುಳಿತು ಉಂಡು ಹೋದರೆ ಸಮಾಗಮ ಸಾರ್ಥಕವಾಯಿತು ಎಂದು ನಾನು ನಂಬಿದ್ದೇನೆ. ಪೆಂಡಾಲು, ಧ್ವನಿವರ್ಧಕ, ಅತಿಥಿಗಳ ಸಾಲು ಎಲ್ಲದರ ತೀರ್ಮಾನವನ್ನೂ ಆ ಒಬ್ಬರನ್ನು ನೆನೆದೇ ಮಾಡಬೇಕು.

ದಿನ ಗೊತ್ತು ಮಾಡುವುದು

ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ ಇರುತ್ತದೆ ನಿಜ. ಆದರೆ ನಮ್ಮ ಬಿಸಿಲಿನಲ್ಲಿ ಎಪ್ಪತ್ತು ದಾಟಿದವರನ್ನು ಪೆಂಡಾಲಿನ ಕೆಳಗೆ ಕೂರಿಸುವುದು ಸರಿಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮತ್ತು ಹೊಲದ ಕೆಲಸ. ನವೆಂಬರ್‌ನಲ್ಲಿ ವಿಕಾರಾಬಾದ್ ಬಳಿಯ ಧಾರೂರಿನ ಕ್ರೈಸ್ತ ಜಾತ್ರೆಗೆ ನಮ್ಮ ಕಡೆಯವರು ಕುಟುಂಬ ಸಮೇತ ಹೋಗುತ್ತಾರೆ, ಅದರ ಹಿಂದುಮುಂದಿನ ವಾರಗಳು ಬೇಡ. ಉಳಿದದ್ದು ಎರಡು: ದಸರಾ ರಜೆ ಅಥವಾ ಕ್ರಿಸ್ಮಸ್ ಮತ್ತು ಹೊಸ ವರ್ಷದ ನಡುವಿನ ಭಾನುವಾರ.

ದಸರೆಗೆ ಕರ್ನಾಟಕ, ತೆಲಂಗಾಣ ಎರಡೂ ಕಡೆ ಶಾಲೆಗೆ ರಜೆ ಸಿಗುತ್ತದೆ. ಮಹಾರಾಷ್ಟ್ರದಲ್ಲಿ ದೊಡ್ಡ ರಜೆ ದೀಪಾವಳಿಗೆ. ಆದ್ದರಿಂದ ನಿಮ್ಮವರು ಹೆಚ್ಚಾಗಿ ಹೈದರಾಬಾದಿನಲ್ಲಿದ್ದರೆ ದಸರಾ ಒಳ್ಳೆಯದು. ಪುಣೆ, ಮುಂಬೈ ಸೇರಿದವರು ಹೆಚ್ಚಿದ್ದರೆ ಕ್ರಿಸ್ಮಸ್ ವಾರವೇ ಸೈ. ಆ ವಾರ ಪಾಸ್ಟರ್ ಅವರಿಗೆ ಬಿಡುವಿರುವುದಿಲ್ಲ, ಅವರ ಒಪ್ಪಿಗೆ ಪಡೆದೇ ಮುಂದುವರಿಯಿರಿ. ಮೆಥೊಡಿಸ್ಟ್ ಸಭೆಯವರು ವಾರ್ಷಿಕ ಕಾನ್ಫರೆನ್ಸಿನ ದಿನಗಳನ್ನೂ ವಿಚಾರಿಸಿಕೊಳ್ಳಬೇಕು. ಅಲ್ಲಿ ಪಾಸ್ಟರ್‌ಗಳ ನೇಮಕ, ವರ್ಗಾವಣೆ ತೀರ್ಮಾನವಾಗುತ್ತದೆ. ಸಿದ್ಧತೆ ಮಾಡಿದವರೊಬ್ಬರು, ನಡೆಸುವವರು ಇನ್ನೊಬ್ಬರು ಎಂದಾಗಬಾರದು.

ತಾರೀಖನ್ನು ಕನಿಷ್ಠ ನಾಲ್ಕು ತಿಂಗಳು ಮುಂಚೆ ತಿಳಿಸಿ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನ ಮುಂಚೆಯಷ್ಟೇ ತೆರೆಯುತ್ತದೆ. ಹಬ್ಬದ ವಾರದ ಸೀಟುಗಳು ತೆರೆದ ದಿನವೇ ಖಾಲಿಯಾಗುವುದುಂಟು. ಆದ್ದರಿಂದ ಬುಕಿಂಗ್ ತೆರೆಯುವ ದಿನಕ್ಕೆ ಒಂದು ವಾರ ಮೊದಲು ಎಲ್ಲರಿಗೂ ಇನ್ನೊಮ್ಮೆ ನೆನಪಿಸಿ.

ಹೆಸರುಗಳ ಪುಸ್ತಕ

ಇಡೀ ಸಮಾಗಮದಲ್ಲಿ ಅತಿ ಹೆಚ್ಚು ಸಮಯ ಬೇಡುವ ಕೆಲಸ ಇದು, ಅತಿ ಹೆಚ್ಚು ಸಂತೋಷ ಕೊಡುವುದೂ ಇದೇ. ಮೊಬೈಲಿನಲ್ಲಿರುವ ನಂಬರುಗಳಿಂದ ಪಟ್ಟಿ ಆರಂಭಿಸಬೇಡಿ. ಹಾಗೆ ಮಾಡಿದರೆ ಈಗಾಗಲೇ ಸಂಪರ್ಕದಲ್ಲಿರುವವರೇ ಮತ್ತೆ ಸಿಗುತ್ತಾರೆ, ಕಳೆದುಹೋದವರು ಕಳೆದೇ ಹೋಗುತ್ತಾರೆ. ಸಭೆಯ ಮೂರು ದಾಖಲೆ ಪುಸ್ತಕಗಳಿಂದ ಆರಂಭಿಸಿ: ದೀಕ್ಷಾಸ್ನಾನ, ಮದುವೆ, ಸಮಾಧಿ ಸಂಸ್ಕಾರ. ಪಾಸ್ಟರ್ ಅವರ ಅನುಮತಿ ಪಡೆದು ಅವರ ಎದುರಿಗೇ ಪುಸ್ತಕ ನೋಡಿ. ಪುಸ್ತಕ ಚರ್ಚಿನಿಂದ ಹೊರಗೆ ಹೋಗಕೂಡದು. ಹಳೆಯ ಹಾಳೆಗಳು ಅಂಚಿನಲ್ಲಿ ಮುರಿಯುತ್ತವೆ. ಎಂಜಲು ಬೆರಳಿನಿಂದ ಹಾಳೆ ತಿರುವಬೇಡಿ, ಜೆರಾಕ್ಸ್ ಯಂತ್ರದ ಮೇಲೆ ಅಂಗಾತ ಒತ್ತಬೇಡಿ. ಕಿಟಕಿಯ ಬೆಳಕಿನಲ್ಲಿ ಪುಟಪುಟವಾಗಿ ಫೋಟೊ ತೆಗೆದುಕೊಂಡು ಮನೆಯಲ್ಲಿ ಕುಳಿತು ಬರೆದುಕೊಳ್ಳಿ.

ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದು ಪ್ರತಿ ಹೆಸರಿನ ಮುಂದೆ ತಂದೆ ತಾಯಿಯ ಹೆಸರು, ಊರು, ಮನೆತನದ ಅಡ್ಡಹೆಸರು, ಈಗಿನ ವಾಸ, ಫೋನ್, ‘ಯಾರಿಗೆ ಗೊತ್ತು’ ಎಂಬ ಕಾಲಂ ಹಾಕಿ. ಈ ಕೊನೆಯ ಕಾಲಂ ಬಹಳ ಮುಖ್ಯ. ನಮ್ಮಲ್ಲಿ ಒಂದೇ ಸಭೆಯಲ್ಲಿ ನಾಲ್ಕು ಸುಂದರಮ್ಮಂದಿರು, ಐದು ದೇವದಾಸರು ಇರುತ್ತಾರೆ. ಯಾವ ಸುಂದರಮ್ಮ ಎಂದು ತಿಳಿಯಲು ಆಕೆಯ ಜೊತೆ ಮಿಷನ್ ಶಾಲೆಯ ಬೋರ್ಡಿಂಗಿನಲ್ಲಿದ್ದ ಒಬ್ಬ ಆಯಿಯೇ ಬೇಕು. “ಆಕೆಯ ಅಣ್ಣ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ, ಅವನ ಮಗ ಹುಮನಾಬಾದಿನಲ್ಲಿ ಟೇಲರ್” ಎಂಬ ಮಾತು ಸಿಕ್ಕರೆ ಮುಂದಿನ ದಾರಿ ತಾನಾಗಿಯೇ ತೆರೆಯುತ್ತದೆ. ದಾಖಲೆ ಪುಸ್ತಕ ಹೆಸರು ಕೊಡುತ್ತದೆ, ವಿಳಾಸ ಕೊಡುವವರು ಹಿರಿಯರು. ಅವರ ಬಳಿ ಪಟ್ಟಿ ಓದಿಸಲು ಎರಡು ಮೂರು ಮಧ್ಯಾಹ್ನ ತೆಗೆದಿಡಿ.

ಬೀದರ್ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಂದಿನ ಜಮೀನು ಕಾಗದ, ಶಾಲಾ ಪತ್ರಗಳಲ್ಲಿ ಉರ್ದು ಇರುವುದು ಸಹಜ. ಓದಲು ಬಾರದೆಂದು ಬದಿಗಿಡಬೇಡಿ. ನೆರೆಯಲ್ಲಿ ಉರ್ದು ಶಾಲೆಯ ನಿವೃತ್ತ ಮಾಸ್ತರರು ಇದ್ದೇ ಇರುತ್ತಾರೆ. ಅವರನ್ನು ಗೌರವದಿಂದ ಕರೆದು ಚಹಾ ಕೊಟ್ಟು ಓದಿಸಿಕೊಳ್ಳಿ, ಸಮಾಗಮದ ಮೊದಲ ಆಮಂತ್ರಣವನ್ನೂ ಅವರಿಗೇ ಕೊಡಿ.

ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವವರು ಕೆಲವರಿದ್ದಾರೆ. ಮೊದಲನೆಯವರು ಮದುವೆಯಾಗಿ ಹೋದ ಹೆಣ್ಣುಮಕ್ಕಳು. ಮನೆಯ ಯಜಮಾನನ ಹೆಸರಿನಲ್ಲಿ ಪಟ್ಟಿ ಮಾಡಿದರೆ ಅವರು ಮಾಯವಾಗುತ್ತಾರೆ. ಮದುವೆ ಪುಸ್ತಕದಲ್ಲಿ ಅವರು ಯಾವ ಊರಿಗೆ ಹೋದರೆಂಬುದು ಸಿಗುತ್ತದೆ. ಹಿಂದೆ ಸೇವೆ ಮಾಡಿ ಹೋದ ಪಾಸ್ಟರ್‌ಗಳ ಮಕ್ಕಳನ್ನೂ ಯಾರೂ ನೆನೆಯುವುದಿಲ್ಲ. ಅವರ ಬಾಲ್ಯದ ನಾಲ್ಕೈದು ವರ್ಷ ನಿಮ್ಮ ಅಂಗಳದಲ್ಲೇ ಕಳೆದಿದೆ. ಮಿಷನ್ ಶಾಲೆ, ಬೋರ್ಡಿಂಗಿನಲ್ಲಿ ಓದಿದ ಬೇರೆ ಧರ್ಮದ ಗೆಳೆಯರು, ಚರ್ಚಿನ ಗಂಟೆ ಬಾರಿಸುತ್ತಿದ್ದವರ, ಅಡಿಗೆ ಮಾಡುತ್ತಿದ್ದವರ ಮನೆಯವರು ಕೂಡ ಪಟ್ಟಿಯಲ್ಲಿರಬೇಕು. ಇನ್ನು ಹೇಳಲು ಕಷ್ಟವಾದರೂ ಹೇಳಲೇಬೇಕಾದವರು: ಬೇರೆ ಸಭೆ ಸೇರಿದವರು, ಬೇರೆ ಧರ್ಮದಲ್ಲಿ ಮದುವೆಯಾದವರು, ಕಮಿಟಿಯ ಜಗಳದಲ್ಲಿ ಎದ್ದು ಹೋದವರು. ಇವರ ಹೆಸರು ಬರೆಯುವಾಗ ಪೆನ್ನು ತಡವರಿಸಿದರೆ ಅಲ್ಲಿಂದಲೇ ಕರೆಯಲು ಆರಂಭಿಸಿ.

ಕರೆಯುವ ಕ್ರಮ

ನಮ್ಮ ಸೀಮೆಯಲ್ಲಿ ಬಾಯಿತುಂಬ ಕರೆಯದೆ ಯಾರೂ ಬರುವುದಿಲ್ಲ, ಬರಲೂಬಾರದು. ವಾಟ್ಸಾಪ್ ಗುಂಪಿನಲ್ಲಿ ಬಣ್ಣದ ಚಿತ್ರ ಹಾಕಿ ‘ಎಲ್ಲರಿಗೂ ತಿಳಿಸಿದ್ದೇವೆ’ ಎಂದುಕೊಳ್ಳುವುದನ್ನು ನಾನು ಕರೆಯೋಲೆ ಎಂದು ಒಪ್ಪುವುದಿಲ್ಲ. ವಾಟ್ಸಾಪ್ ಇರಲಿ, ಆದರೆ ಕೊನೆಗೆ.

ಹತ್ತಿರದ ಊರಿನವರ ಮನೆಗೆ ಹೋಗಿ ಕರೆಯಿರಿ. ಪಾಸ್ಟರ್ ಒಬ್ಬರೇ ಎಲ್ಲ ಕಡೆ ಹೋಗಲಾರರು. ಮಹಿಳಾ ಸಂಘದ ಇಬ್ಬರು, ಯುವಕರ ಸಂಘದ ಒಬ್ಬರು ಸೇರಿದ ತಂಡಗಳು ಸಾಕು. ಜಿಲ್ಲೆಯೊಳಗಿನ ಊರುಗಳಿಗೆ ಹೋಗಿ ಬರುವ ಹೆಣ್ಣುಮಕ್ಕಳಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಟಿಕೆಟ್ ಖರ್ಚು ಇರುವುದಿಲ್ಲ. ದೂರದವರಿಗೆ ಫೋನ್ ಮಾಡುವಾಗ ಆ ಮನೆಯ ಪರಿಚಯವಿರುವವರೇ ಮಾಡಬೇಕು. ಅದಕ್ಕೇ ‘ಯಾರಿಗೆ ಗೊತ್ತು’ ಎಂಬ ಕಾಲಂ ಬೇಕೆಂದೆ. ಕರೆ ನಿರ್ದಿಷ್ಟವಾಗಿರಲಿ. “ಕಾಕಾ, ಶನಿವಾರ ರಾತ್ರಿ ಭಜನೆಗೆ ಹಾರ್ಮೋನಿಯಂ ನೀವೇ ಹಿಡಿಯಬೇಕು, ಪೆಟ್ಟಿಗೆ ರಿಪೇರಿ ಮಾಡಿಸಿ ಇಟ್ಟಿದ್ದೇವೆ” ಎಂದರೆ ಆ ಹಿರಿಯರು ಬಾರದಿರಲು ಕಾರಣ ಹುಡುಕುವುದಿಲ್ಲ. “ಅತ್ತೀ, ನಿಮ್ಮ ಓರಗೆಯವರು ಮೂವರು ಬರುತ್ತಿದ್ದಾರೆ, ರಾತ್ರಿ ನಮ್ಮ ಮನೆಯಲ್ಲೇ ಉಳಿಯಿರಿ” ಎಂದರೆ ಎಲ್ಲಿ ಇರುವುದು ಎಂಬ ಅಳುಕು ಹೋಗುತ್ತದೆ.

ಎದ್ದು ಹೋದವರ ಮನೆಗೆ ಪಾಸ್ಟರ್ ಹಾಗೂ ಎರಡೂ ಕಡೆಯವರು ನಂಬುವ ಒಬ್ಬ ಹಿರಿಯರು ಮಾತ್ರ ಹೋಗಲಿ. ಹಳೆಯ ಲೆಕ್ಕ ತೆಗೆಯಬೇಡಿ, ಯಾರು ತಪ್ಪು ಯಾರು ಸರಿ ಎಂಬ ಮಾತೇ ಬೇಡ. ಅವರು ಮಾತು ತೆಗೆದರೆ ಪೂರ್ತಿ ಕೇಳಿ, ನಡುವೆ ಬಾಯಿ ಹಾಕಬೇಡಿ, ಚಹಾ ಕುಡಿದೇ ಎದ್ದು ಬನ್ನಿ. ಅವರು ಬಂದ ದಿನ ವೇದಿಕೆಯ ಮೇಲೆ ಕರೆದು ಕೈ ಕುಲುಕಿಸುವ, ಕ್ಷಮೆ ಕೇಳಿಸುವ ಕಾರ್ಯಕ್ರಮ ಖಂಡಿತ ಇಟ್ಟುಕೊಳ್ಳಬೇಡಿ. ಅದು ಒಬ್ಬ ಮನುಷ್ಯನನ್ನು ಜನರ ಮುಂದೆ ಒತ್ತಾಯಕ್ಕೆ ಸಿಕ್ಕಿಸಿದ ಹಾಗಾಗುತ್ತದೆ. ಊಟದ ಪಂಕ್ತಿಯಲ್ಲಿ ಪಕ್ಕಪಕ್ಕ ಕುಳಿತರೆ ಸಾಕು.

ಆಮಂತ್ರಣ ಪತ್ರಿಕೆಯಲ್ಲಿ ಅತಿಥಿಗಳ ಹೆಸರಿನ ಉದ್ದ ಪಟ್ಟಿ ಬೇಡ. ಅದರ ಬದಲು ಬಂದಿಳಿಯುವ ನಿಲ್ದಾಣದಲ್ಲಿ ಕಾಯುವವರ ಹೆಸರು ಮತ್ತು ಫೋನ್, ಉಳಿಯುವ ಏರ್ಪಾಡು, ಶನಿವಾರ ಮತ್ತು ಭಾನುವಾರದ ವೇಳಾಪಟ್ಟಿ, ‘ಉಡುಗೊರೆ, ಹಾರ ತರಬೇಡಿ’ ಎಂಬ ಒಂದು ಸಾಲು ಇರಲಿ. ಹೈದರಾಬಾದಿನವರಿಗೆ ರಸ್ತೆ, ರೈಲು ಎರಡೂ ಅನುಕೂಲ. ಮುಂಬೈ, ಪುಣೆಯಿಂದ ಬರುವವರು ಕಲಬುರಗಿಯಲ್ಲಿ ಇಳಿದೂ ಬರಬಹುದು, 2017ರಲ್ಲಿ ಆರಂಭವಾದ ಬೀದರ್–ಕಲಬುರಗಿ ರೈಲು ಮಾರ್ಗ ಇದಕ್ಕೆ ಒದಗುತ್ತದೆ.

ಹಣದ ವಿಚಾರ

ಚಂದಾ ಇಷ್ಟೇ ಕೊಡಬೇಕೆಂದು ಗೊತ್ತು ಮಾಡಬೇಡಿ. ಪುಣೆಯಲ್ಲಿ ದಿನಗೂಲಿ ಮಾಡುವ ನಾಲ್ಕು ಜನರ ಕುಟುಂಬಕ್ಕೆ ಟಿಕೆಟ್ ಖರ್ಚಿನ ಜೊತೆ ಎರಡು ಮೂರು ದಿನದ ಕೂಲಿಯೂ ಹೋಗುತ್ತದೆ. ಅವರು ‘ಕೆಲಸವಿದೆ’ ಎಂದು ಹೇಳಿ ಬರುವುದಿಲ್ಲ, ನಿಜವಾದ ಕಾರಣವನ್ನು ಹೇಳುವುದೂ ಇಲ್ಲ. ಇದಕ್ಕಾಗಿ ಒಂದು ಪ್ರಯಾಣ ನಿಧಿ ತೆಗೆದಿಡಿ. ಅದನ್ನು ಪಾಸ್ಟರ್ ಮತ್ತು ಖಜಾಂಚಿ ಇಬ್ಬರೇ ನೋಡಿಕೊಳ್ಳಲಿ, ಯಾರಿಗೆ ಹೋಯಿತು ಎಂಬುದು ಮೂರನೆಯವರ ಕಿವಿಗೆ ಬೀಳಬಾರದು. ಲೆಕ್ಕದಲ್ಲಿ ‘ಪ್ರಯಾಣ ನೆರವು’ ಎಂಬ ಒಟ್ಟು ಮೊತ್ತ ಮಾತ್ರ ತೋರಿಸಿ.

ಕಾಣಿಕೆ ಸಭೆಯ ಬ್ಯಾಂಕ್ ಖಾತೆಗೆ ಬರಲಿ. ಯಾರದೋ ಸ್ವಂತ ಫೋನಿನ ಯುಪಿಐ ಸಂಕೇತ ಹಾಕಬೇಡಿ, ಎಷ್ಟೇ ನಂಬಿಕಸ್ಥರಾದರೂ. ಕೊಟ್ಟ ಪ್ರತಿಯೊಬ್ಬರಿಗೂ ರಸೀದಿ ಕೊಡಿ. ಹೊರದೇಶದಲ್ಲಿರುವವರ ಹಣದ ಬಗ್ಗೆ ಎಚ್ಚರವಿರಲಿ. ಭಾರತದ ಪೌರತ್ವ ಉಳಿಸಿಕೊಂಡಿರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರ ದೇಣಿಗೆ, ಅವರು ನಮ್ಮ ಊರಿನ ಮಗನೇ ಆಗಿರಲಿ, 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯ ಅಡಿಯಲ್ಲಿ ಬರುತ್ತದೆ. ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಭೆ ಅದನ್ನು ಪಡೆಯುವಂತಿಲ್ಲ. ಅಂಥವರಿಗೆ ಇದನ್ನು ಮೊದಲೇ ವಿನಯದಿಂದ ತಿಳಿಸಿ, ಅವರು ಬರುವುದೇ ದೊಡ್ಡ ಕಾಣಿಕೆ ಎನ್ನಿ.

ಶಾಲು, ಹಾರ, ಪೇಟ, ನೆನಪಿನ ಕಾಣಿಕೆಗಳಿಗೆ ಹಣ ಸುರಿಯುವುದನ್ನು ನಾನು ವಿರೋಧಿಸುತ್ತೇನೆ. ಕೊಡಲೇಬೇಕೆನಿಸಿದರೆ ಸಭೆಯ ಅತಿ ಹಿರಿಯ ಮುತ್ಯಾ ಮತ್ತು ಆಯಿ ಇಬ್ಬರಿಗೆ ನಮ್ಮ ಊರಿನ ಕುಶಲಕರ್ಮಿ ಮಾಡಿದ ಸಣ್ಣ ಬಿದ್ರಿ ವಸ್ತು ಕೊಡಿ. ಕೋಟೆಯ ಮಣ್ಣಿನಿಂದ ಕಪ್ಪಾದ ಲೋಹದ ಮೇಲೆ ಬೆಳ್ಳಿಯ ಎಳೆ ಇರುವ ಆ ಕೆಲಸ ಇಲ್ಲಿಯದೇ.

ಹಳೆಯ ಫೋಟೊ, ಹಿರಿಯರ ಮಾತು

ಸಮಾಗಮಕ್ಕೆ ಒಂದು ತಿಂಗಳು ಮುಂಚೆ ಯುವಕರ ಸಂಘಕ್ಕೆ ಈ ಕೆಲಸ ಒಪ್ಪಿಸಿ. ಮನೆಮನೆಗೆ ಹೋಗಿ ಚರ್ಚಿಗೆ ಸಂಬಂಧಿಸಿದ ಫೋಟೊಗಳನ್ನು ಅಲ್ಲಿಯೇ ಮೊಬೈಲಿನಲ್ಲಿ ಸೆರೆಹಿಡಿಯಬೇಕು. ಮೂಲ ಫೋಟೊವನ್ನು ಮನೆಯಿಂದ ತರಬೇಡಿ, ಕಳೆದರೆ ಮತ್ತೆ ಸಿಗುವುದಿಲ್ಲ. ಗಾಜಿನ ಚೌಕಟ್ಟಿನಲ್ಲಿದ್ದರೆ ಬಾಗಿಲ ಬಳಿಯ ನೆರಳಿನಲ್ಲಿ ಹಿಡಿದು, ಫ್ಲ್ಯಾಶ್ ಇಲ್ಲದೆ, ಸ್ವಲ್ಪ ಓರೆಯಾಗಿಸಿ ಹೊಳಪು ತಪ್ಪಿಸಿ. ಆಲ್ಬಮ್ಮಿಗೆ ಅಂಟಿದ್ದನ್ನು ಕೀಳಬೇಡಿ. ಹಿಂಬದಿಯಲ್ಲಿ ಹೆಸರು ಬರೆಯಬೇಕಾದರೆ ಬಾಲ್‌ಪೆನ್ ಬೇಡ, ಮೆತ್ತಗೆ ಪೆನ್ಸಿಲ್ ಆಡಿಸಿ.

ದೊಡ್ಡದಾಗಿ ಮುದ್ರಿಸಿದ ಫೋಟೊಗಳನ್ನು ಚರ್ಚಿನ ಪಕ್ಕದ ಗೋಡೆಗೆ ಹಗ್ಗ ಕಟ್ಟಿ ತೂಗುಹಾಕಿ. ಪ್ರತಿಯೊಂದರ ಕೆಳಗೆ ಖಾಲಿ ಹಾಳೆ ಅಂಟಿಸಿ, ದಾರಕ್ಕೆ ಕಟ್ಟಿದ ಪೆನ್ಸಿಲ್ ಇಡಿ. 1960ರ ದಶಕದ ಸಂಡೇ ಸ್ಕೂಲ್ ಫೋಟೊ ಎನ್ನೋಣ, ಮೂರು ಸಾಲು ಮಕ್ಕಳು, ಮುಂದಿನ ಸಾಲಿನವರು ಬರಿಗಾಲಿನಲ್ಲಿ ಚಕ್ಕಳ ಬಕ್ಕಳ ಕುಳಿತಿದ್ದಾರೆ. ಅದರ ಮುಂದೆ ಐದು ನಿಮಿಷದಲ್ಲಿ ಗುಂಪು ಸೇರುತ್ತದೆ. ‘ಎಡದಿಂದ ಮೂರನೆಯವನು ನಾನು’ ಎಂದು ಒಬ್ಬರು ಬರೆಯುತ್ತಾರೆ, ಮತ್ತೊಬ್ಬರು ಅದನ್ನು ಒಪ್ಪುವುದಿಲ್ಲ. ಆ ವಾದದಲ್ಲೇ ಎಷ್ಟೋ ಹೆಸರುಗಳು ಮರಳಿ ಬರುತ್ತವೆ. ಸಂಜೆ ಆ ಹಾಳೆಗಳನ್ನು ಜೋಪಾನವಾಗಿ ಎತ್ತಿಟ್ಟುಕೊಳ್ಳಿ.

ಹಿರಿಯರ ಮಾತನ್ನು ಧ್ವನಿಮುದ್ರಿಸಲು ವೆಸ್ಟ್ರಿಯಂಥ (ಆರಾಧನೆಗೆ ಪಾಸ್ಟರ್ ಸಿದ್ಧರಾಗುವ ಕೋಣೆ) ಶಾಂತ ಜಾಗ ಬೇಕು. ಫ್ಯಾನ್ ನಿಲ್ಲಿಸಿ, ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿ ಹಾಕಿ ಅವರ ಮುಂದೆ ಎರಡು ಅಡಿ ದೂರದಲ್ಲಿಡಿ. ಒಬ್ಬರಿಗೆ ಇಪ್ಪತ್ತು ನಿಮಿಷ ಸಾಕು. ಪ್ರಶ್ನೆ ಕೇಳುವವರು ಮೊಮ್ಮಕ್ಕಳೇ ಆಗಲಿ. ‘ನಿಮ್ಮ ಜೀವನದ ಬಗ್ಗೆ ಹೇಳಿ’ ಎಂದರೆ ಯಾರೂ ಏನೂ ಹೇಳುವುದಿಲ್ಲ. ‘ಚರ್ಚಿಗೆ ನೀರು ಎಲ್ಲಿಂದ ಹೊರುತ್ತಿದ್ದಿರಿ’, ‘ಕ್ರಿಸ್ಮಸ್ ರಾತ್ರಿ ಯಾವ ಓಣಿಗಳಿಗೆ ಹಾಡುತ್ತಾ ಹೋಗುತ್ತಿದ್ದಿರಿ’, ‘ಬರಗಾಲದಲ್ಲಿ ಏನು ಉಣ್ಣುತ್ತಿದ್ದಿರಿ’ ಎಂದು ಕೇಳಿ. ಮುದ್ರಿಸುವ ಮೊದಲು ಒಪ್ಪಿಗೆ ಪಡೆಯಿರಿ, ಬೇಡವೆಂದ ಭಾಗ ಅಳಿಸಿ. ಕಡತಕ್ಕೆ ಹೆಸರು, ಊರು, ತಾರೀಖು ಬರೆದು ಎರಡು ಕಡೆ ಉಳಿಸಿ.

ಸಮಾಧಿಗಳು

ಎರಡು ವಾರ ಮುಂಚೆ ಸ್ವಚ್ಛ ಮಾಡಿಸಿ. ಜಾಲಿ ಕಡಿಯಿರಿ, ಕುಸಿದ ಗೋರಿಗಳಿಗೆ ಮಣ್ಣು ಹಾಕಿ, ಸುಣ್ಣ ಬಳಿಯಿರಿ. ದೂರದಿಂದ ಬರುವವರಿಗೆ ತಮ್ಮವರ ಗೋರಿ ಎಲ್ಲಿತ್ತೆಂದು ನೆನಪಿರುವುದಿಲ್ಲ, ಎಷ್ಟೋ ಗೋರಿಗಳಿಗೆ ಕಲ್ಲೂ ಇರುವುದಿಲ್ಲ. ಗೋರಿ ತೋಡುತ್ತಿದ್ದವರ ಮನೆಯ ಹಿರಿಯರನ್ನು ಕರೆದುಕೊಂಡು ನಡೆದು, ಕೈಬರಹದ ಒಂದು ನಕ್ಷೆ ಮಾಡಿ. ಹೆಸರು ಖಚಿತವಾದ ಕಡೆ ಮರದ ಸಣ್ಣ ಹಲಗೆ ನೆಡಿ. ಶನಿವಾರ ಸಂಜೆ ಬಿಸಿಲು ಇಳಿದ ಮೇಲೆ ಎಲ್ಲರೂ ಹೋಗಿ ಹೂವಿಟ್ಟು, ಮೇಣದಬತ್ತಿ ಹಚ್ಚಿ, ಒಂದು ಚಿಕ್ಕ ಪ್ರಾರ್ಥನೆ ಮಾಡಿದರೆ ಸಾಕು. ಅಲ್ಲಿ ಉಪದೇಶ ಬೇಡ, ಮನೆಯವರನ್ನು ಅವರ ಪಾಡಿಗೆ ಬಿಡಿ.

ಶನಿವಾರ ರಾತ್ರಿ, ಭಾನುವಾರ ಬೆಳಿಗ್ಗೆ

ಶನಿವಾರ ರಾತ್ರಿ ಭಜನೆಗೆ ಮೀಸಲು. ಹಾರ್ಮೋನಿಯಂ, ತಬಲಾ, ತಾಳ ಇದ್ದರೆ ಸಾಕು, ಕೀಬೋರ್ಡಿಗೆ ಭಾನುವಾರವಿದೆ. ಹಳಬರು ಕಲಿತದ್ದು ನೆಲದ ಮೇಲೆ ಕುಳಿತು ಒಬ್ಬರು ಹೇಳಿ ಎಲ್ಲರೂ ಎತ್ತಿಕೊಳ್ಳುವ ಪದಗಳನ್ನು. ಧ್ವನಿವರ್ಧಕವನ್ನು ಹತ್ತು ಗಂಟೆಗೆ ನಿಲ್ಲಿಸಲೇಬೇಕು, ಅದು ಕಾನೂನು. ಪೊಲೀಸ್ ಠಾಣೆಗೆ ವಾರದ ಮುಂಚೆ ಅರ್ಜಿ ಕೊಟ್ಟು ಅನುಮತಿ ಪಡೆಯಿರಿ. ಹತ್ತರ ನಂತರವೂ ಹಾಡುವವರು ಬರಿಗಂಟಲಲ್ಲಿ ಮೆಲ್ಲಗೆ ಹಾಡಲಿ.

ಹೊರಗೆ ಬೆಳೆದ ಮಕ್ಕಳಿಗೆ ಕನ್ನಡ ಮಾತು ಅರ್ಥವಾದರೂ ಓದಲು ಬರುವುದಿಲ್ಲ. ಹಾಡಿನ ಹಾಳೆಯಲ್ಲಿ ಕನ್ನಡ ಅಕ್ಷರದ ಕೆಳಗೆ ಅದೇ ಪದಗಳನ್ನು ತೆಲುಗು ಮತ್ತು ಇಂಗ್ಲಿಷ್ ಅಕ್ಷರಗಳಲ್ಲೂ ಮುದ್ರಿಸಿ. ಮಕ್ಕಳು ಹಾಡಿದರೆ ತಾಯಂದಿರ ಮುಖ ನೋಡಬೇಕು!

ಭಾನುವಾರದ ಆರಾಧನೆ ಎರಡು ಗಂಟೆ ಮೀರದಿರಲಿ. 133ನೆಯ ಕೀರ್ತನೆ ಅಥವಾ ಯೆಹೋಶುವನ ನಾಲ್ಕನೆಯ ಅಧ್ಯಾಯ ಈ ದಿನಕ್ಕೆ ತುಂಬ ಹೊಂದುತ್ತದೆ. ಯೊರ್ದನ್ ನದಿಯಿಂದ ಎತ್ತಿದ ಹನ್ನೆರಡು ಕಲ್ಲುಗಳನ್ನು ನೋಡಿ ಮುಂದೊಂದು ದಿನ ಮಕ್ಕಳು ಇವೇನು ಎಂದು ಕೇಳುವ ಪ್ರಸಂಗ ಅದು. ಕಳೆದ ಸಮಾಗಮದಿಂದ ಈಚೆಗೆ ಅಥವಾ ಕಳೆದ ಹತ್ತು ವರ್ಷದಲ್ಲಿ ತೀರಿಕೊಂಡವರ ಹೆಸರನ್ನು ಒಂದೊಂದಾಗಿ ಓದಿ. ಸಮಯವಿಲ್ಲ ಎಂದು ಇದನ್ನು ಕೈಬಿಡುವ ಸಲಹೆ ಬಂದೇ ಬರುತ್ತದೆ, ಒಪ್ಪಬೇಡಿ. ಅರವತ್ತು ಹೆಸರುಗಳನ್ನು ನಿಧಾನವಾಗಿ ಓದಿದರೂ ಐದು ನಿಮಿಷ ಆಗುವುದಿಲ್ಲ. ಓದುವವರು ಹಿಂದಿನ ದಿನ ಮನೆಯವರನ್ನು ಕೇಳಿ ಉಚ್ಚಾರಣೆ ಸರಿಮಾಡಿಕೊಂಡಿರಬೇಕು. ತಂದೆಯ ಹೆಸರು ತಪ್ಪಾಗಿ ಕೇಳಿದ ಮಗನಿಗೆ ಆ ನೋವು ಬಹುಕಾಲ ಉಳಿಯುತ್ತದೆ.

ಶಾಸಕರು, ಮುಖಂಡರು ಬಂದರೆ ಸ್ವಾಗತಿಸಿ, ಸಭೆಯ ನಡುವೆ ಕೂರಿಸಿ. ಮಾತಾಡುವುದಿದ್ದರೆ ಆರಾಧನೆ ಮುಗಿದ ನಂತರ ಐದು ನಿಮಿಷ, ಸನ್ಮಾನಗಳೆಲ್ಲ ಸೇರಿ ಹತ್ತು ನಿಮಿಷ. ಇದನ್ನು ಅವರ ಸಹಾಯಕರಿಗೆ ಮೊದಲೇ ತಿಳಿಸಿದರೆ ಯಾರಿಗೂ ಮುಜುಗರವಿಲ್ಲ. ಗುಂಪು ಫೋಟೊ ಊಟಕ್ಕಿಂತ ಮುಂಚೆ ಆಗಬೇಕು, ಉಂಡ ಮೇಲೆ ಯಾರೂ ಒಂದು ಕಡೆ ನಿಲ್ಲುವುದಿಲ್ಲ.

ಊಟ

ಪೂರ್ತಿ ಊಟವನ್ನು ಕೇಟರಿಂಗ್‌ನವರಿಗೆ ವಹಿಸಿದರೆ ಕೆಲಸ ಹಗುರವಾಗುತ್ತದೆ, ಆದರೆ ಮನೆಯ ಕೈ ಇರುವುದಿಲ್ಲ. ನನ್ನ ಸಲಹೆ: ಅನ್ನ, ದಾಲ್ಚಾ, ಮಟನ್ ಭಟ್ಟರ ಕೈಯಲ್ಲಿ ದೊಡ್ಡ ಪಾತ್ರೆಗಳಲ್ಲಿ ಆಗಲಿ. ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ, ಪುಂಡಿ ಪಲ್ಯ ಮನೆಗಳಿಂದ ಬರಲಿ.

ಜೋಳದ ರೊಟ್ಟಿಯನ್ನು ಖಡಕ್ ಮಾಡಿಸುವುದೇ ಜಾಣತನ. ಮೆತ್ತನೆಯ ರೊಟ್ಟಿಯನ್ನು ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿ ತಂದರೆ ಮಧ್ಯಾಹ್ನದ ಹೊತ್ತಿಗೆ ಹಬೆಗೆ ಬೆವರಿ ಒಂದಕ್ಕೊಂದು ಅಂಟಿರುತ್ತದೆ. ಖಡಕ್ ರೊಟ್ಟಿಯನ್ನು ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಪಕ್ಕದ ಕಾವಿನಲ್ಲಿ ನಿಲ್ಲಿಸಿ ನೀರಿನಂಶ ಪೂರ್ತಿ ಹೋಗುವವರೆಗೆ ಒಣಗಿಸುತ್ತಾರೆ. ಬೆರಳಿನಿಂದ ತಟ್ಟಿದರೆ ಟಕ್ ಎನ್ನಬೇಕು. ಹಾಗಾದರೆ ವಾರದ ಮುಂಚೆಯೇ ಮಾಡಿಡಬಹುದು. ಪ್ರತಿ ಮನೆಗೆ ಇಪ್ಪತ್ತರಂತೆ ಹೇಳಿದರೆ ಮೂವತ್ತು ಮನೆಗಳಿಂದ ಆರುನೂರು ರೊಟ್ಟಿಯಾಗುತ್ತದೆ, ಮುನ್ನೂರು ಜನಕ್ಕೆ ತಲೆಗೆ ಎರಡು. ಜೋಳ ತರಲು ಆಗದ ಮನೆಗೆ ಸಭೆಯಿಂದ ಹಿಟ್ಟು ಕೊಡಿ, ಬಡಿಯುವ ಕೈ ಅವರದಾಗಲಿ.

300 ಜನಕ್ಕೆ, ರೊಟ್ಟಿ ಇರುವುದರಿಂದ, ಬಗಾರಾ ಅನ್ನಕ್ಕೆ 35 ಕೆ.ಜಿ. ಅಕ್ಕಿ, ಸೋರೆಕಾಯಿ ದಾಲ್ಚಾಕ್ಕೆ 10 ಕೆ.ಜಿ. ತೊಗರಿಬೇಳೆ, ಮಟನ್ ತಲೆಗೆ 150 ಗ್ರಾಂನಂತೆ 45 ಕೆ.ಜಿ. ಸಾಕಾಗುತ್ತದೆ. ಬೇಳೆಗೆ ಕಲಬುರಗಿಯ ತೊಗರಿಯನ್ನೇ ತರಿಸಿ, 2019ರಲ್ಲಿ ಭೌಗೋಳಿಕ ಗುರುತು ಪಡೆದ ಬೆಳೆ ಅದು, ಬೇಗ ಬೇಯುತ್ತದೆ, ರುಚಿಯೂ ಹೆಚ್ಚು. ಸಿಹಿಗೆ ಗೋಧಿ ಹುಗ್ಗಿ. ಕುಡಿಯುವ ನೀರು ತಲೆಗೆ ಎರಡು ಲೀಟರ್, ಅಂದರೆ 20 ಲೀಟರಿನ 30 ಕ್ಯಾನ್. ಕೈ, ಪಾತ್ರೆ ತೊಳೆಯಲು ಟ್ಯಾಂಕರ್ ಬೇರೆ.

ಮಾಂಸ ಉಣ್ಣದ ನೆರೆಯವರಿಗೆ ಅಡಿಗೆ, ಪಾತ್ರೆ, ಸೌಟು, ಬಡಿಸುವವರು ಎಲ್ಲವೂ ಬೇರೆ ಇರಲಿ, ಅವರಿಗೆ ಅದು ಕಣ್ಣಿಗೆ ಕಾಣುವಂತಿರಲಿ. ಮುಸ್ಲಿಂ ಗೆಳೆಯರು ಬರುವುದರಿಂದ ಮಟನ್ ಹಲಾಲ್ ಅಂಗಡಿಯಿಂದ ತರಿಸಿ, ಅವರು ಕೇಳುವ ಮೊದಲೇ ತಿಳಿಸಿ.

ಹಿರಿಯರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಹನ್ನೊಂದು ಗಂಟೆಗೆ ಒಂದು ಬಟ್ಟಲು ಉಪ್ಪಿಟ್ಟು ಕೊಡಿ, ಊಟ ತಡವಾಗುವುದು ಖಚಿತ. ಗಣ್ಯರಿಗೆ ಬೇರೆ ಕೋಣೆಯಲ್ಲಿ ಊಟ ಬೇಡ. ಕಮಿಟಿಯವರು ಬಡಿಸಲಿ, ಕೊನೆಯ ಪಂಕ್ತಿಯಲ್ಲಿ ಉಣ್ಣಲಿ. ಎಲೆ ಎತ್ತುವುದು, ಪಾತ್ರೆ ತೊಳೆಯುವುದು ಗಂಡುಮಕ್ಕಳ ಕೆಲಸವೆಂದು ಮೊದಲೇ ಬರೆದು ಹಂಚಿ. ತವರಿಗೆ ಬಂದ ಅಕ್ಕಂದಿರು ಆ ದಿನ ಅಡಿಗೆಮನೆಯಲ್ಲೇ ಕಳೆದರೆ ಅವರಿಗೆ ಸಮಾಗಮವೇ ಆಗಲಿಲ್ಲ.

ಊಟದ ನಂತರದ ಎರಡು ಗಂಟೆ

ಇದನ್ನು ಯಾವ ಕಾರಣಕ್ಕೂ ತುಂಬಿಸಬೇಡಿ. ನೃತ್ಯ, ಸ್ಪರ್ಧೆ, ಭಾಷಣ ಯಾವುದೂ ಬೇಡ. ಧ್ವನಿವರ್ಧಕದ ತಂತಿಯನ್ನೇ ಕಿತ್ತಿಡಿ. ಕುರ್ಚಿಗಳನ್ನು ಸಾಲು ಬಿಡಿಸಿ ಮರಗಳ ಕೆಳಗೆ ವೃತ್ತಗಳಾಗಿ ಇಡಿ, ‘1970ಕ್ಕೆ ಮುಂಚಿನವರು’, ‘ಎಂಬತ್ತರ ಸಂಡೇ ಸ್ಕೂಲ್’, ‘ಬೋರ್ಡಿಂಗಿನವರು’ ಎಂದು ರಟ್ಟಿನ ಮೇಲೆ ಬರೆದು ಕಟ್ಟಿ. ಬಂದವರೆಲ್ಲರ ಎದೆಗೂ ಬೆಳಿಗ್ಗೆಯೇ ಹೆಸರಿನ ಚೀಟಿ ಹಚ್ಚಿರಬೇಕು. ಅದರಲ್ಲಿ ಹುದ್ದೆ ಬೇಡ. ಹೆಸರು, ತಂದೆ ಅಥವಾ ತಾಯಿಯ ಹೆಸರು, ಓಣಿ ಅಥವಾ ಹಳ್ಳಿ, ದೊಡ್ಡ ಕನ್ನಡ ಅಕ್ಷರಗಳಲ್ಲಿ. ಐವತ್ತು ವರ್ಷದ ನಂತರ ಮುಖ ಗುರುತು ಸಿಗದಿದ್ದರೂ ತಂದೆಯ ಹೆಸರು ಓದಿದ ಕೂಡಲೇ ಕೈ ಹಿಡಿಯುತ್ತಾರೆ.

ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಹುಡುಗರು ಒಂದೇ ಕೆಲಸ ಮಾಡಬೇಕು: ಒಂಟಿಯಾಗಿ ನಿಂತವರನ್ನು ಕಂಡು, ಮಾತಾಡಿಸಿ, ಅವರಿಗೆ ಹೊಂದುವ ವೃತ್ತಕ್ಕೆ ಕರೆದೊಯ್ಯುವುದು. ಹಳಬರನ್ನು ಮದುವೆಯಾಗಿ ಬಂದ ಅಳಿಯಂದಿರು, ಸೊಸೆಯಂದಿರು ಇಂಥ ಕಡೆ ಬಹಳ ಒಂಟಿಯಾಗುತ್ತಾರೆ. ನಾಲ್ಕೂವರೆಗೆ ಚಹಾ, ಬೀಳ್ಕೊಡುವ ಪ್ರಾರ್ಥನೆ, ನಿಲ್ದಾಣಕ್ಕೆ ಗಾಡಿಗಳು.

ಆಮೇಲಿನ ವಾರ

ಖರ್ಚು ವೆಚ್ಚದ ಲೆಕ್ಕವನ್ನು ಮುಂದಿನ ಭಾನುವಾರವೇ ಓದಿ, ಸೂಚನಾ ಫಲಕಕ್ಕೆ ಅಂಟಿಸಿ, ದೂರದವರಿಗೆ ಅದರ ಫೋಟೊ ಕಳಿಸಿ. ಗುಂಪು ಫೋಟೊವನ್ನು ಮುದ್ರಿಸಿ ಬಾರದವರಿಗೂ ಅಂಚೆಯಲ್ಲಿ ಕಳಿಸಬೇಕು, ಅವರಿಗೇ ಮೊದಲು. ಜೊತೆಗೆ ಒಂದು ಫೋನ್: ಯಾಕೆ ಬರಲಿಲ್ಲ ಎಂದು ಕೇಳಲು ಅಲ್ಲ, ಯಾರು ಯಾರು ಅವರನ್ನು ಕೇಳಿದರು ಎಂದು ತಿಳಿಸಲು. ಹೆಸರುಗಳ ಪುಸ್ತಕಕ್ಕೆ ಹೊಸ ವಿಳಾಸಗಳನ್ನು ಸೇರಿಸಿ ಒಂದು ಪ್ರತಿ ಚರ್ಚಿನ ಕಪಾಟಿನಲ್ಲಿ, ಇನ್ನೊಂದು ಮಹಿಳಾ ಸಂಘದ ಬಳಿ ಇಡಿ. ಪಾಸ್ಟರ್ ವರ್ಗವಾದರೂ ಪುಸ್ತಕ ಊರಲ್ಲೇ ಉಳಿಯುತ್ತದೆ.

ಇದನ್ನು ಪ್ರತಿ ವರ್ಷ ನಡೆಸುವುದು ಸಣ್ಣ ಸಭೆಗೆ ಹೊರೆ. ಮೂರು ವರ್ಷಕ್ಕೊಮ್ಮೆ ಸಾಕು. ಆದರೆ ಮುಂದಿನ ಸಮಾಗಮದ ವರ್ಷವನ್ನು ಜನ ಇನ್ನೂ ಹುರುಪಿನಲ್ಲಿರುವಾಗಲೇ ಗೊತ್ತು ಮಾಡಿ, ಉಳಿದ ಹಣವನ್ನು ಬೇರೆ ಯಾವುದಕ್ಕೂ ಮುಟ್ಟದೆ ಆ ಸಮಾಗಮದ ಪ್ರಯಾಣ ನಿಧಿಗೆ ಜಮಾ ಮಾಡಿ.